ಯೀಸ್ಟ್‌ನಲ್ಲಿ ಆಟೋಫೇಜಿ ಕಾಣುತ್ತಿಲ್ಲವೇ? ಲಿಪಿಡ್ ಮೇಲೆ ಗೂಬೆ ಕೂರಿಸುವ ಮೊದಲು ಇಷ್ಟು ನೋಡಿ

ಆಟೋಫೇಜಿ ಅಂದರೆ ಹಸಿದ ಕೋಶ ತನ್ನದೇ ಭಾಗಗಳನ್ನು ಜೀರ್ಣಿಸಿಕೊಳ್ಳುವುದು. ಅದು ಕಾಣುತ್ತಿಲ್ಲ ಅನ್ನುವ ದೂರು ಯಾವಾಗಲೂ ಒಂದೇ ಥರ ಇರುತ್ತದೆ. ಕೋಶಗಳನ್ನು ನಾಲ್ಕು ಗಂಟೆ ಉಪವಾಸ ಕೆಡವಿದೆವು, ಬ್ಲಾಟ್ ಮಾಡಿದೆವು (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಓಡಿಸಿ ಆಂಟಿಬಾಡಿಯಿಂದ ಗುರುತಿಸುವುದು), 27 ಕಿಲೋಡಾಲ್ಟನ್ ಹತ್ತಿರ ಬರಬೇಕಾದ ಬಿಡಿ ಜಿಎಫ್‌ಪಿ ಬ್ಯಾಂಡ್ ಬರಲೇ ಇಲ್ಲ. ಇಲ್ಲವೇ ಇದರ ಉಲ್ಟಾ: ಉಪವಾಸಕ್ಕೆ ಮುಂಚೆಯೇ, ಸೊನ್ನೆ ಗಂಟೆಯ ಸ್ಯಾಂಪಲ್ಲಿನಲ್ಲೇ ಬ್ಯಾಂಡ್ ಬಂದು ಕೂತಿದೆ. (ಜಿಎಫ್‌ಪಿ ಅಂದರೆ ಎಟಿಜಿ8 ಅನ್ನುವ ಆಟೋಫೇಜಿ ಪ್ರೋಟೀನಿಗೆ ಗುರುತಿಗೆಂದು ಜೋಡಿಸಿದ ಹಸಿರು ಹೊಳೆಯುವ ಪ್ರೋಟೀನ್. ಆಟೋಫೇಜಿ ನಡೆದರೆ ಎಟಿಜಿ8 ಜೀರ್ಣವಾಗಿ ಇದು ಬಿಡಿಯಾಗಿ ಉಳಿಯುತ್ತದೆ.) ಆಮೇಲಿನ ಮಾತು ನನಗೆ ಬಾಯಿಪಾಠ. 'ಸಾರ್, ನಮ್ಮ ತಳಿಯಲ್ಲಿ ಪೊರೆಯ ಲಿಪಿಡ್ಡೇ ಸರಿಯಿಲ್ಲ ಅನ್ಸುತ್ತೆ ಸಾರ್.'

ಇರಬಹುದು, ಪೊರೆ ಆಗಿರುವುದೇ ಮುಖ್ಯವಾಗಿ ಲಿಪಿಡ್ ಅನ್ನುವ ಕೊಬ್ಬಿನಂಥ ವಸ್ತುವಿನಿಂದ. ಆದರೆ ಬಹಳ ಸಲ ತಪ್ಪು ಕೋಶದೊಳಗೆ ಇರುವುದಿಲ್ಲ, ಫ್ಲಾಸ್ಕಿನಲ್ಲಿ ಇರುತ್ತದೆ. ಹಾಸನದಂಥ ಊರಿನ ಕಾಲೇಜು ಲ್ಯಾಬುಗಳಲ್ಲಿ, ರಾತ್ರಿ ಕರೆಂಟ್ ಯಾವಾಗ ಹೋಯಿತು ಯಾವಾಗ ಬಂತು ಅಂತ ಯಾರಿಗೂ ಗೊತ್ತಿಲ್ಲದ ಕಡೆ, ಇದು ಇನ್ನೂ ಜಾಸ್ತಿ. ಹಾಗಾಗಿ ಹೊಸ ಆಂಟಿಬಾಡಿಗೆ ಆರ್ಡರ್ ಹಾಕಬೇಡಿ. ಬೆಂಗಳೂರಿಗೆ ಸ್ಯಾಂಪಲ್ ಕಳಿಸಿ ಲಿಪಿಡ್ ಅಳೆಸುವ ಯೋಚನೆಯನ್ನೂ ಸದ್ಯಕ್ಕೆ ಬದಿಗಿಡಿ. ದೋಷ ಶುರುವಿನಲ್ಲಿದೆಯೋ, ನಡುವೆ ಇದೆಯೋ, ಕೊನೆಯಲ್ಲಿದೆಯೋ ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಅದಕ್ಕೆ ಬಿ.ಎಸ್ಸಿ. ಲ್ಯಾಬಿನ ಮೈಕ್ರೋಸ್ಕೋಪ್ ಸಾಕು.

ದಾರಿ ಎಲ್ಲಿಂದ ಎಲ್ಲಿಗೆ

ಇದು ತಲೆಯಲ್ಲಿ ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಾರಜನಕ ಸಿಗದೆ ಹೋದಾಗ ಟಾರ್ ಅನ್ನುವ ಕೈನೇಸ್ (ಫಾಸ್ಫೇಟ್ ಅಂಟಿಸುವ ಕಿಣ್ವ) ಸುಮ್ಮನಾಗುತ್ತದೆ, ಎಟಿಜಿ1 ಎದ್ದೇಳುತ್ತದೆ. ಎಟಿಜಿ ಅಂತ ಶುರುವಾಗುವ ಹೆಸರುಗಳೆಲ್ಲ ಆಟೋಫೇಜಿಯ ಜೀನುಗಳವು, ಅವುಗಳ ಪ್ರೋಟೀನುಗಳವು. ರಸದಾನಿಯ (ವ್ಯಾಕ್ಯುಓಲ್, ಯೀಸ್ಟ್ ಕೋಶದ ಜೀರ್ಣಚೀಲ) ಪಕ್ಕದಲ್ಲಿ ಒಂದು ಜಾಗದಲ್ಲಿ ಪೊರೆ ಹುಟ್ಟುತ್ತದೆ. ಆ ಪೊರೆ ಬೆಳೆದು, ಕೋಶರಸದ ಒಂದಷ್ಟು ಭಾಗವನ್ನು ಸುತ್ತಿಕೊಂಡು, ಎರಡು ಪದರದ ಚೀಲವಾಗುತ್ತದೆ. ಚೀಲದ ಹೊರಪದರ ರಸದಾನಿಯ ಪೊರೆಯೊಂದಿಗೆ ಸೇರಿಕೊಂಡಾಗ ಒಳಪದರದ ಉಂಡೆ ರಸದಾನಿಯೊಳಗೆ ಬೀಳುತ್ತದೆ. ಈ ಉಂಡೆಗೆ ಆಟೋಫೇಜಿಕ್ ಬಾಡಿ ಅನ್ನುತ್ತಾರೆ. ಅಲ್ಲಿ ಅದು ಒಡೆದು ಜೀರ್ಣವಾಗುತ್ತದೆ.

ಲಿಪಿಡ್ ಈ ದಾರಿಯಲ್ಲಿ ಬೇರೆ ಬೇರೆ ಕಡೆ ತಲೆಹಾಕುತ್ತದೆ. ಎಟಿಜಿ8 ಪ್ರೋಟೀನನ್ನು ಫಾಸ್ಫಟೈಡಿಲ್ ಎಥನಾಲಮೀನ್ ಅನ್ನುವ ಲಿಪಿಡ್‌ಗೆ, ಅಂದರೆ ಪಿಇಗೆ, ಅಂಟಿಸಬೇಕು. ಎಟಿಜಿ4 ಅದರ ಬಾಲದ ಒಂದು ಅರ್ಜಿನೀನ್ ಕತ್ತರಿಸುತ್ತದೆ, ಎಟಿಜಿ7 ಮತ್ತು ಎಟಿಜಿ3 ಅಂಟಿಸುವ ಕೆಲಸ ಮಾಡುತ್ತವೆ. ಇದು 2000ದಲ್ಲಿ ಜಪಾನಿನ ವಿಜ್ಞಾನಿ ಯೋಶಿನೋರಿ ಒಸುಮಿ ಅವರ ಗುಂಪು ತೋರಿಸಿದ ವಿಷಯ. ಪೊರೆ ಬೆಳೆಯುವುದಕ್ಕೆ ಬೇಕಾದ ಲಿಪಿಡ್ಡನ್ನು ಎಟಿಜಿ2 ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಕೋಶದೊಳಗಿನ ಪೊರೆಯ ಜಾಲ) ಕಡೆಯಿಂದ ಸಾಗಿಸುತ್ತದೆ, ಎಟಿಜಿ9 ಅದನ್ನು ಪೊರೆಯ ಎರಡೂ ಪದರಕ್ಕೆ ಹಂಚುತ್ತದೆ. ವಿಪಿಎಸ್34 ಕೈನೇಸ್ ಇನೊಸಿಟಾಲ್ ಲಿಪಿಡ್ ಮೇಲೆ ಒಂದು ಫಾಸ್ಫೇಟ್ ಕೂರಿಸುತ್ತದೆ. ಎಟಿಜಿ18 ಬಂದು ಹಿಡಿದುಕೊಳ್ಳುವುದು ಆ ಗುರುತನ್ನೇ. ಕೊನೆಯಲ್ಲಿ ರಸದಾನಿಯೊಳಗೆ ಬಿದ್ದ ಉಂಡೆಯ ಪೊರೆಯನ್ನು ಎಟಿಜಿ15 ಅನ್ನುವ ಲೈಪೇಸ್ ಒಡೆಯುತ್ತದೆ. ಆದ್ದರಿಂದ 'ಲಿಪಿಡ್ ಸಮಸ್ಯೆ' ಅಂತ ಬರೀ ಒಂದು ಮಾತು ಹೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ. ಯಾವ ಲಿಪಿಡ್, ಯಾವ ಹಂತ?

ಮೊದಲ ಪರೀಕ್ಷೆ: ರಸದಾನಿಯೊಳಗೆ ಇಣುಕಿ

ಒಸುಮಿ ಅವರ ಕೆಲಸ ಶುರುವಾಗಿದ್ದೂ ಹೀಗೆಯೇ. ರಸದಾನಿಯ ಪ್ರೋಟಿಯೇಸ್‌ಗಳು, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವಗಳು, ಇಲ್ಲದ ಯೀಸ್ಟನ್ನು ಉಪವಾಸ ಕೆಡವಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. ಜೀರ್ಣವಾಗದ ಉಂಡೆಗಳು ಒಳಗೆ ತುಂಬಿಕೊಂಡು ಕುಣಿಯುತ್ತಿದ್ದವು. ಅದು ಪ್ರಕಟವಾಗಿದ್ದು 1992ರಲ್ಲಿ, ನೊಬೆಲ್ ಬಂದಿದ್ದು 2016ರಲ್ಲಿ. ನಮಗೆ ಮ್ಯುಟೆಂಟ್ ತಳಿಯೂ ಬೇಡ. ಪಿಎಂಎಸ್‌ಎಫ್ ಹಾಕಿದರೆ ಪ್ರೋಟಿಯೇಸ್ ಕೆಲಸ ನಿಲ್ಲುತ್ತದೆ, ಉಂಡೆಗಳು ಹಾಗೇ ಉಳಿಯುತ್ತವೆ.

ಕೋಶಗಳನ್ನು ಸಾರಜನಕ ಇಲ್ಲದ ಎಸ್‌ಡಿ-ಎನ್ ಮೀಡಿಯಾಕ್ಕೆ ಹಾಕಿದ ತಕ್ಷಣ ಪಿಎಂಎಸ್‌ಎಫ್ 1 ಮಿಲಿಮೋಲಾರ್ ಆಗುವ ಹಾಗೆ ಸೇರಿಸಿ. ಸ್ಟಾಕ್ 100 ಮಿಲಿಮೋಲಾರ್, ಎಥನಾಲಿನಲ್ಲಿ. ಫ್ರಿಜ್ಜಿನಲ್ಲಿಟ್ಟ ಸ್ಟಾಕ್‌ನ ತಳದಲ್ಲಿ ಹರಳು ಕೂತಿರುತ್ತದೆ, ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಪೂರ್ತಿ ಕರಗಿಸಿಕೊಳ್ಳಿ. ಹರಳನ್ನು ಕೆಳಗೇ ಬಿಟ್ಟು ಮೇಲಿನ ಎಥನಾಲ್ ಮಾತ್ರ ಹಾಕಿ 'ಪಿಎಂಎಸ್‌ಎಫ್ ಕೆಲಸ ಮಾಡಲಿಲ್ಲ' ಅನ್ನುವವರು ಬಹಳ ಜನ. ನೀರಿನಲ್ಲಿ ಇದು ಬೇಗ ಹಾಳಾಗುತ್ತದೆ, ಹಾಗಾಗಿ ಮುಂಚೆಯೇ ಮೀಡಿಯಾಕ್ಕೆ ಬೆರೆಸಿ ಇಡಬೇಡಿ. ವಿಷ, ಗ್ಲೌಸ್ ಹಾಕಿಕೊಳ್ಳಿ.

ಮೂರು ನಾಲ್ಕು ಗಂಟೆ ಆದ ಮೇಲೆ ಒಂದು ತೊಟ್ಟು ಸ್ಲೈಡ್ ಮೇಲೆ. ನೀರಿನಲ್ಲಿ ತೇಲಿಸಬೇಡಿ, ಅದೇ ಮೀಡಿಯಾದಲ್ಲಿ ನೋಡಿ, ಇಲ್ಲದಿದ್ದರೆ ರಸದಾನಿ ನೀರು ಕುಡಿದು ಊದಿಕೊಳ್ಳುತ್ತದೆ. ಆಯಿಲ್ ಇಮ್ಮರ್ಷನ್ 100 ಎಕ್ಸ್. ಫೇಸ್ ಕಾಂಟ್ರಾಸ್ಟ್ ಇದ್ದರೆ ಪುಣ್ಯ. ಇಲ್ಲದಿದ್ದರೆ ಕಂಡೆನ್ಸರ್ ಕೆಳಗಿನ ಐರಿಸ್ ಅನ್ನು ಚೆನ್ನಾಗಿ ಮುಚ್ಚಿ. ಮೊದಲು ಏನೂ ಕಾಣುವುದಿಲ್ಲ. ಒಂದೇ ಕೋಶ ಆರಿಸಿಕೊಂಡು, ನಡುವಿನ ದುಂಡಗಿನ ತಿಳಿ ಜಾಗವನ್ನೇ ದಿಟ್ಟಿಸಿ ಫೋಕಸನ್ನು ಕೂದಲೆಳೆಯಷ್ಟು ಆಚೆ ಈಚೆ ಮಾಡಿ. ಆಗ ಕಾಣುತ್ತವೆ. ಸಣ್ಣ ಸಣ್ಣ ಉಂಡೆಗಳು, ಅರ್ಧ ಮೈಕ್ರಾನ್ ಆಸುಪಾಸು, ಒಗ್ಗರಣೆಗೆ ಬಿದ್ದ ಸಾಸಿವೆ ಸಿಡಿಯುವ ಮೊದಲು ಎಣ್ಣೆಯಲ್ಲಿ ಅಲುಗಾಡುವ ಹಾಗೆ ಒಂದಕ್ಕೊಂದು ತಾಗುತ್ತ ಕುಣಿಯುತ್ತಿರುತ್ತವೆ. ಗೋಡೆ ಮುಟ್ಟುತ್ತವೆ, ಆದರೆ ಆ ದುಂಡು ಗೆರೆ ದಾಟಿ ಹೊರಗೆ ಬರುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಯೀಸ್ಟ್ ರಸದಾನಿಯಲ್ಲಿ ಪಾಲಿಫಾಸ್ಫೇಟ್ ಕಣಗಳೂ ಇರುತ್ತವೆ, ಅವೂ ಕುಣಿಯುತ್ತವೆ. ಒಂದೋ ಎರಡೋ ಕಣ ಕಂಡ ಕೂಡಲೇ ಸಿಕ್ಕಿತು ಅನ್ನಬೇಡಿ. ಪಿಎಂಎಸ್‌ಎಫ್ ಇಲ್ಲದ ಉಪವಾಸದ ಕೋಶ, ಪಿಎಂಎಸ್‌ಎಫ್ ಹಾಕಿದ ಆದರೆ ವೈಪಿಡಿಯಲ್ಲೇ (ಯೀಸ್ಟ್ ಬೆಳೆಸುವ ಮಾಮೂಲಿ ಪುಷ್ಕಳ ಮೀಡಿಯಾ) ಇರುವ ಕೋಶ, ಇವೆರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ನಿಜವಾದ ಆಟೋಫೇಜಿಯಾದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುವ ಹಾಗಿರುತ್ತದೆ.

ಉಂಡೆ ತುಂಬಿದ್ದರೆ ನಿಮ್ಮ ಕೋಶ, ನಿಮ್ಮ ಮೀಡಿಯಾ, ಪೊರೆ ಕಟ್ಟುವ ಕೆಲಸ ಎಲ್ಲ ಸರಿಯಿದೆ ಅಂತ ಅರ್ಥ. ದೋಷ ಕೊನೆಯಲ್ಲಿದೆ ಅಥವಾ ಬ್ಲಾಟ್‌ನಲ್ಲಿದೆ. ಉಂಡೆ ಇಲ್ಲದಿದ್ದರೆ ದೋಷ ಅದಕ್ಕಿಂತ ಹಿಂದೆ.

ಉಂಡೆ ಇದೆ, ಬ್ಯಾಂಡ್ ಇಲ್ಲ

ಈ ಪೈಕಿ ಜಾಸ್ತಿ ಕಾಣುವುದು ಸ್ಯಾಂಪಲ್ ತಯಾರಿಯ ಗಡಿಬಿಡಿ. ಕೋಶ ಒಡೆದ ಕ್ಷಣವೇ ರಸದಾನಿಯ ಪ್ರೋಟಿಯೇಸ್‌ಗಳು ಹೊರಗೆ ಬಂದು ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತವೆ. ಸೊನ್ನೆ ಗಂಟೆಯಲ್ಲೇ ಬಿಡಿ ಜಿಎಫ್‌ಪಿ ಕಾಣುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಕೋಶ ಒಡೆಯುವ ಮೊದಲೇ ಕಲ್ಚರಿಗೆ ನೇರವಾಗಿ ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) ಹಾಕಿ, ಕೊನೆಗೆ ಶೇ. 10 ಆಗುವ ಹಾಗೆ, ಐಸ್ ಮೇಲೆ. ಆಮೇಲೆ ತಣ್ಣನೆಯ ಅಸಿಟೋನಿನಲ್ಲಿ ತೊಳೆಯಿರಿ. ತೊಳೆದದ್ದು ಸಾಲದಿದ್ದರೆ ಸ್ಯಾಂಪಲ್ ಬಫರ್ ಹಾಕಿದ ಕೂಡಲೇ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ. ಆಮ್ಲ ಉಳಿದಿದೆ ಅಂತ ಅದರರ್ಥ. ಹಾಗೇ ಲೋಡ್ ಮಾಡಿದರೆ ಜೆಲ್‌ನಲ್ಲಿ ಲೇನುಗಳು ಸೊಟ್ಟ ಸೊಟ್ಟ ಓಡುತ್ತವೆ. ಪಿಎಚ್ ಹೊಂದಿಸದ ಟ್ರಿಸ್ ಬೇಸ್ ಒಂದೊಂದೇ ಮೈಕ್ರೋಲೀಟರ್ ಹಾಕುತ್ತ ಬನ್ನಿ, ಬಣ್ಣ ನೀಲಿಗೆ ಬಂದಾಗ ನಿಲ್ಲಿಸಿ.

ಇನ್ನೊಂದು, ಕಲ್ಚರ್ ಮಿತಿಮೀರಿ ಬೆಳೆದಿದ್ದರೂ ಸೊನ್ನೆ ಗಂಟೆಯಲ್ಲಿ ಬ್ಯಾಂಡ್ ಬರುತ್ತದೆ. ರಾತ್ರಿಯೆಲ್ಲ ಬೆಳೆದು ಸಕ್ಕರೆ ಮುಗಿಸಿಕೊಂಡ ಕೋಶ ಆಗಲೇ ಆಟೋಫೇಜಿ ಶುರುಮಾಡಿರುತ್ತದೆ. ಓಡಿ (ಕಲ್ಚರ್ ಎಷ್ಟು ಮಬ್ಬಾಗಿದೆ, ಅಂದರೆ ಎಷ್ಟು ಬೆಳೆದಿದೆ ಅನ್ನುವ ಅಳತೆ) 0.8ರಿಂದ 1ರೊಳಗೆ ತೆಗೆದುಕೊಳ್ಳಿ. 3 ಆಗಿದ್ದನ್ನು ನೀರು ಹಾಕಿ 1ಕ್ಕೆ ಇಳಿಸುವುದು ಲೆಕ್ಕಕ್ಕಿಲ್ಲ, ಹೊಸ ಮೀಡಿಯಾದಲ್ಲಿ ಮತ್ತೆ ಎರಡು ಸುತ್ತು ಬೆಳೆಯಲೇಬೇಕು.

ಪಿಎಂಎಸ್‌ಎಫ್ ಹಾಕದಿದ್ದರೂ ಉಂಡೆಗಳು ತುಂಬಿಕೊಂಡಿದ್ದರೆ ಆಗ ವಿಷಯ ಬೇರೆ. ತಳಿಯಲ್ಲೇ ಪಿಇಪಿ4 ಅನ್ನುವ ಪ್ರೋಟಿಯೇಸ್ ಜೀನ್ ಇಲ್ಲದಿರಬಹುದು. ಪ್ರೋಟೀನ್ ಶುದ್ಧೀಕರಣಕ್ಕೆ ಇಟ್ಟುಕೊಂಡ ತಳಿಗಳಲ್ಲಿ ಅದನ್ನು ಬೇಕೆಂದೇ ತೆಗೆದಿರುತ್ತಾರೆ, ಡಬ್ಬಿ ಬದಲಾಯಿಸಿ ತಂದಿದ್ದೀರೋ ನೋಡಿ. ಇಲ್ಲವೇ ಎಟಿಜಿ15 ಇಲ್ಲ, ಅಂದರೆ ಉಂಡೆಯ ಲಿಪಿಡ್ ಪೊರೆ ಒಡೆಯುವ ಲೈಪೇಸೇ ಇಲ್ಲ. ಅದೂ ಅಲ್ಲದಿದ್ದರೆ ರಸದಾನಿ ಹುಳಿಯಾಗುತ್ತಿಲ್ಲ. ಕ್ವಿನಾಕ್ರಿನ್ ಬಣ್ಣ ಹಾಕಿ ನೋಡಿ, ಹುಳಿ ಇರುವ ರಸದಾನಿಯಲ್ಲಿ ಮಾತ್ರ ಅದು ಸೇರಿಕೊಂಡು ಹೊಳೆಯುತ್ತದೆ.

ಉಂಡೆಯೇ ಇಲ್ಲ: ಮೊದಲು ಡಬ್ಬಿ ಓದಿ

ಉಪವಾಸ ಅಂದುಕೊಂಡಿದ್ದು ಉಪವಾಸವೇ ಅಲ್ಲದಿರಬಹುದು. ಯೀಸ್ಟ್ ನೈಟ್ರೋಜನ್ ಬೇಸ್ ಎರಡು ಥರ ಬರುತ್ತದೆ, ಅಮೋನಿಯಂ ಸಲ್ಫೇಟ್ ಇರುವುದು ಮತ್ತು ಇಲ್ಲದ್ದು. ಡಬ್ಬಿಗಳು ನೋಡುವುದಕ್ಕೆ ಒಂದೇ ಥರ. ಸುಲಭದ ಗುರುತು ಲೇಬಲ್ ಮೇಲಿನ ತೂಕ. ಲೀಟರಿಗೆ 6.7 ಗ್ರಾಂ ಹಾಕಿ ಅಂತ ಇದ್ದರೆ ಅದರಲ್ಲಿ 5 ಗ್ರಾಂ ಅಮೋನಿಯಂ ಸಲ್ಫೇಟೇ. ನಿಮಗೆ ಬೇಕಾಗಿರುವುದು ಲೀಟರಿಗೆ 1.7 ಗ್ರಾಂ ಅಂತ ಬರೆದಿರುವ ಡಬ್ಬಿ, ಅಮೈನೋ ಆಮ್ಲವೂ ಇಲ್ಲದ್ದು. ಇದರ ಜೊತೆ ಶೇ. 2 ಗ್ಲೂಕೋಸ್.

ಓಡಿ ಏರದೆ ನಿಂತಿತು, ಅಂದ ಮೇಲೆ ಸಾರಜನಕ ಇಲ್ಲ ಅಲ್ವಾ, ಅಂತ ಕೇಳಬಹುದು. ಬಿವೈ4741 ಥರದ ತಳಿಯಲ್ಲಿ ಈ ಲೆಕ್ಕ ಮೋಸ ಮಾಡುತ್ತದೆ. ಅದಕ್ಕೆ ಹಿಸ್ಟಿಡಿನ್, ಲ್ಯೂಸಿನ್, ಮೆಥಿಯೋನಿನ್, ಯುರಾಸಿಲ್ ಯಾವುದನ್ನೂ ತಾನೇ ಮಾಡಿಕೊಳ್ಳಲು ಬರುವುದಿಲ್ಲ. ಅವು ಸಿಗದಿದ್ದರೆ ಅಮೋನಿಯಂ ಸಲ್ಫೇಟ್ ಎಷ್ಟಿದ್ದರೂ ಬೆಳೆಯುವುದಿಲ್ಲ. ಬೆಳವಣಿಗೆ ನಿಂತಿದೆ, ಆದರೆ ಪೂರ್ತಿ ಉಪವಾಸವಾಗಿಲ್ಲ, ಆಟೋಫೇಜಿಯೂ ಅರೆಬರೆ. ಹಾಗಂತ ಪಾಪ ಅಂದುಕೊಂಡು ಎಸ್‌ಡಿ-ಎನ್‌ಗೆ ಅಮೈನೋ ಆಮ್ಲ ಸೇರಿಸಿದರೆ ಇನ್ನೂ ಕೆಟ್ಟಿತು.

ತೊಳೆಯುವುದರಲ್ಲೂ ಜಿಪುಣತನ ಬೇಡ. ವೈಪಿಡಿಯಲ್ಲಿ ಪೆಪ್ಟೋನ್ ತುಂಬಿರುತ್ತದೆ, ಟ್ಯೂಬಿನ ತಳದಲ್ಲಿ ಉಳಿದ ಒಂದಿಷ್ಟೇ ಸಾಕು ಕೋಶಕ್ಕೆ ತಿಂಡಿಯಾಗಲು. ಎರಡು ಸಲವಾದರೂ ತೊಳೆದು, ಆಮೇಲೆ ಹೊಸ ಫ್ಲಾಸ್ಕಿಗೆ ಹಾಕಿ. ಗ್ಲೂಕೋಸ್ ಮರೆಯುವುದು ಇದರ ಉಲ್ಟಾ ತಪ್ಪು. ಸಕ್ಕರೆ ಇಲ್ಲದಿದ್ದರೆ ಉಪವಾಸ ಇನ್ನೂ ಜೋರಾಗಿ ಆಟೋಫೇಜಿ ಜಾಸ್ತಿಯಾಗಬೇಕು ಅಂತ ಅನ್ನಿಸುತ್ತದೆ. ಆಗುವುದಿಲ್ಲ. ಪೊರೆ ಕಟ್ಟುವುದಕ್ಕೆ ಶಕ್ತಿ ಬೇಕು, ಗ್ಲೂಕೋಸ್ ಥಟ್ಟನೆ ನಿಲ್ಲಿಸಿದರೆ ಯೀಸ್ಟ್‌ನಲ್ಲಿ ಆಟೋಫೇಜಿ ಕುಂಠಿತವಾಗುತ್ತದೆ.

ಮೀಡಿಯಾ ಮೇಲೆ ಅನುಮಾನ ಇದ್ದರೆ ಅದನ್ನು ಪಕ್ಕಕ್ಕಿಟ್ಟು ರಾಪಾಮೈಸಿನ್ ಹಾಕಿ, ಮಿಲಿಲೀಟರಿಗೆ 0.2 ಮೈಕ್ರೋಗ್ರಾಂ, ವೈಪಿಡಿಯಲ್ಲೇ. ಅದು ಹೊಟ್ಟೆ ತುಂಬಿದ ಕೋಶದಲ್ಲೂ ಟಾರ್ ಬಾಯಿ ಮುಚ್ಚಿಸುತ್ತದೆ. ರಾಪಾಮೈಸಿನ್‌ಗೆ ಉಂಡೆ ಬಂತು, ಎಸ್‌ಡಿ-ಎನ್‌ಗೆ ಬರಲಿಲ್ಲ ಅಂದರೆ ಮೀಡಿಯಾವನ್ನು ಸಿಂಕಿಗೆ ಸುರಿಯಿರಿ. ಎರಡಕ್ಕೂ ಬರದಿದ್ದರೆ ಮುಂದೆ ಓದಿ. ಆದರೆ ತಳಿ ಆಂಕರ್-ಅವೇ ಸೆಟ್ಟಿನಿಂದ (ರಾಪಾಮೈಸಿನ್ ಹಾಕಿ ಒಂದು ಪ್ರೋಟೀನನ್ನು ಅದರ ಜಾಗದಿಂದ ಎಳೆದುಹಾಕಲು ಮಾಡಿದ ತಳಿಗಳು) ಬಂದಿದ್ದರೆ ರಾಪಾಮೈಸಿನ್ ಅದಕ್ಕೆ ನಾಟುವುದೇ ಇಲ್ಲ, ಅದನ್ನು ಹಾಗೆಂದೇ ಮಾಡಿರುತ್ತಾರೆ.

ಬೇಕರಿಯಿಂದ ತಂದ ಒಣ ಈಸ್ಟ್ ಬಗ್ಗೆಯೂ ಒಂದು ಮಾತು. ಅಯ್ಯಂಗಾರ್ ಬೇಕರಿಗಳ ತವರು ನಮ್ಮ ಜಿಲ್ಲೆ, ಈಸ್ಟಿಗೆ ಬರವಿಲ್ಲ. ಉಂಡೆ ನೋಡುವ ಅಭ್ಯಾಸಕ್ಕೆ ಅದು ಧಾರಾಳ ಸಾಕು, ವೈಪಿಡಿಯಲ್ಲಿ ಚೆನ್ನಾಗಿ ಬೆಳೆಸಿ ಎಚ್ಚರ ಮಾಡಿಕೊಂಡ ಮೇಲೆ. ಪ್ರಾಜೆಕ್ಟಿಗೆ ಬೇಡ. ಅದರ ಕ್ರೋಮೋಸೋಮ್ ಲೆಕ್ಕವೇ ಬೇರೆ.

ಕರೆಂಟ್, ಚಳಿ, ಎತ್ತರ

ನಿಜವಾದ ಲಿಪಿಡ್ ಸಮಸ್ಯೆ ನಾವೇ ಮಾಡಿಕೊಳ್ಳುವುದು ಇಲ್ಲಿ. ಶೇಕರ್ ರಾತ್ರಿ ನಿಂತರೆ ಯೀಸ್ಟ್ ತಳಕ್ಕೆ ಕೂರುತ್ತದೆ, ಆಮ್ಲಜನಕ ಸಿಗುವುದಿಲ್ಲ. ಸಾಯುವುದಿಲ್ಲ, ಹುದುಗುತ್ತ ಬದುಕುತ್ತದೆ, ಬೆಳಿಗ್ಗೆ ನೋಡಿದರೆ ಓಡಿ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಯೀಸ್ಟ್ ಪೊರೆಯ ಎರ್ಗೋಸ್ಟೆರಾಲ್ ತಯಾರಾಗಲು ಆಮ್ಲಜನಕ ಬೇಕೇ ಬೇಕು. ಕೊಬ್ಬಿನಾಮ್ಲದಲ್ಲಿ ಡಬಲ್ ಬಾಂಡ್ ಹಾಕುವ ಓಎಲ್‌ಇ1 ಕಿಣ್ವಕ್ಕೂ ಅಷ್ಟೇ, ಯೀಸ್ಟ್‌ಗೆ ಈ ಕೆಲಸಕ್ಕೆ ಇರುವುದು ಅದೊಂದೇ ಕಿಣ್ವ. ಗಾಳಿ ಪೂರ್ತಿ ಇಲ್ಲದ ಕಡೆ ಯೀಸ್ಟ್ ಬೆಳೆಸುವವರು ಎರ್ಗೋಸ್ಟೆರಾಲ್ ಮತ್ತು ಟ್ವೀನ್ 80 ಕೈಯಾರೆ ಹಾಕುವುದು ಇದಕ್ಕೇ. ಹೀಗಾಗಿ ಕರೆಂಟ್ ಹೋದ ರಾತ್ರಿಯ ಕಲ್ಚರೂ ಹೋಗದ ರಾತ್ರಿಯ ಕಲ್ಚರೂ ಪೊರೆಯ ಲೆಕ್ಕದಲ್ಲಿ ಬೇರೆ ಬೇರೆ. ಒಂದನ್ನು ಕಂಟ್ರೋಲ್, ಇನ್ನೊಂದನ್ನು ಮ್ಯುಟೆಂಟ್ ಅಂತ ಹೋಲಿಸಿದರೆ ಸಿಗುವುದು ಮೆಸ್ಕಾಂ, ಚೆಸ್ಕಾಂ ಬಗೆಗಿನ ಮಾಹಿತಿ ಮಾತ್ರ.

ಶೇಕರ್ ಪಕ್ಕದಲ್ಲಿ ಒಂದು ಅಗ್ಗದ ಎಲೆಕ್ಟ್ರಿಕ್ ಗಡಿಯಾರ ಇಡಿ, ಬ್ಯಾಟರಿ ಇಲ್ಲದ್ದು. ಕರೆಂಟ್ ಹೋದರೆ ಅದು ನಿಲ್ಲುತ್ತದೆ ಅಥವಾ ಮಿಣುಕುತ್ತದೆ, ಬೆಳಿಗ್ಗೆ ನೋಡಿದರೆ ಕಥೆ ಗೊತ್ತಾಗುತ್ತದೆ. ಫ್ಲಾಸ್ಕಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕಲ್ಚರ್ ತುಂಬಬೇಡಿ. ಡಿಸೆಂಬರ್, ಜನವರಿಯ ಚಳಿಯಲ್ಲಿ 'ರೂಂ ಟೆಂಪರೇಚರ್' ಅನ್ನುವ ಮಾತನ್ನೇ ಮರೆತುಬಿಡಿ. ತಣ್ಣಗಿದ್ದರೆ ಯೀಸ್ಟ್ ತನ್ನ ಪೊರೆಗೆ ಅಪರ್ಯಾಪ್ತ (ಡಬಲ್ ಬಾಂಡ್ ಇರುವ) ಕೊಬ್ಬಿನಾಮ್ಲ ಜಾಸ್ತಿ ಸೇರಿಸಿಕೊಳ್ಳುತ್ತದೆ. 30 ಡಿಗ್ರಿ ಅಂದರೆ 30 ಡಿಗ್ರಿ, ಫ್ಲಾಸ್ಕಿನೊಳಗೆ ಥರ್ಮಾಮೀಟರ್ ಇಟ್ಟು ನೋಡಿ.

ಇನ್ನು ಎತ್ತರ. ಹಾಸನ ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರ್ ಮೇಲಿದೆ, ಚಿಕ್ಕಮಗಳೂರು ಇನ್ನೂ ಸ್ವಲ್ಪ ಎತ್ತರ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಆಟೋಕ್ಲೇವ್ ಮುಳ್ಳು 15 ಪೌಂಡ್ ತೋರಿಸಿದಾಗ ಒಳಗಿನ ಬಿಸಿ 121 ಇರುವುದಿಲ್ಲ, ಸುಮಾರು 119 ಇರುತ್ತದೆ. ಐದಾರು ನಿಮಿಷ ಜಾಸ್ತಿ ಬಿಡಿ. ಗ್ಲೂಕೋಸನ್ನು ಮಾತ್ರ ಬೇರೆಯಾಗಿ ಮಾಡಿ, ಒಟ್ಟಿಗೆ ಬೇಯಿಸಿದರೆ ಕಂದಾಗುತ್ತದೆ. ಕಾಫಿ ಪಲ್ಪಿಂಗ್ ಕಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ಲ್ಯಾಬುಗಳಲ್ಲಿ ಹಣ್ಣಿನ ನೊಣಗಳ ಕಾಟವೂ ಇರುತ್ತದೆ. ಅವುಗಳ ಕಾಲಿನಲ್ಲಿ ಬರುವ ಕಾಡು ಯೀಸ್ಟ್ ನಿಮ್ಮ ತಟ್ಟೆಯಲ್ಲಿ ಬೆಳೆದರೆ ನೋಡಲು ವ್ಯತ್ಯಾಸ ಗೊತ್ತಾಗುವುದಿಲ್ಲ. ಲ್ಯೂಸಿನ್ ಇಲ್ಲದ ತಟ್ಟೆಗೆ ಗೀರಿ ನೋಡಿ. ಬೆಳೆಯಬಾರದ ತಳಿ ಬೆಳೆದರೆ ಅದು ನಿಮ್ಮದಲ್ಲ.

ಎಲ್ಲ ಸರಿಯಿದೆ, ಆದರೂ ಇಲ್ಲ

ಈಗ ಲಿಪಿಡ್ ಬಗ್ಗೆ ಮಾತಾಡೋಣ. ಇಲ್ಲಿ ಫ್ಲೋರೊಸೆಂಟ್ ಮೈಕ್ರೋಸ್ಕೋಪ್ ಬೇಕಾಗುತ್ತದೆ. ಜಿಎಫ್‌ಪಿ-ಎಟಿಜಿ8 ಇರುವ ತಳಿಯನ್ನು ಒಂದು ಗಂಟೆ ಉಪವಾಸ ಕೆಡವಿ ನೋಡಿ. ಹಸಿರು ಕೋಶದ ತುಂಬ ಹರಡಿದೆ, ಚುಕ್ಕೆಯೇ ಇಲ್ಲ ಅಂದರೆ ಎಟಿಜಿ8 ಪಿಇಗೆ ಅಂಟುತ್ತಿಲ್ಲದಿರಬಹುದು. ಒಂದೇ ಒಂದು ಚುಕ್ಕೆ ರಸದಾನಿಯ ಪಕ್ಕ ಗಟ್ಟಿಯಾಗಿ ಹೊಳೆಯುತ್ತಿದೆ, ಗಂಟೆಗಟ್ಟಲೆ ಕಾದರೂ ರಸದಾನಿ ಹಸಿರಾಗುತ್ತಿಲ್ಲ ಅಂದರೆ ಅಂಟಿದೆ, ಆದರೆ ಪೊರೆ ಬೆಳೆಯುತ್ತಿಲ್ಲ. ಎಟಿಜಿ2 ಅಥವಾ ಎಟಿಜಿ18 ತೆಗೆದ ತಳಿಯಲ್ಲಿ ಹೀಗೆ ಕಾಣುತ್ತದೆ. ರಸದಾನಿಯ ಗೆರೆ ತಿಳಿಯಲು ಎಫ್‌ಎಂ4-64 ಹಾಕುವುದಾದರೆ ಉಪವಾಸಕ್ಕೆ ಮುಂಚೆ ಹಾಕಿ, ವೈಪಿಡಿಯಲ್ಲಿ ಒಂದು ಒಂದೂವರೆ ಗಂಟೆ ಬಿಡಿ, ಇಲ್ಲದಿದ್ದರೆ ಬಣ್ಣ ದಾರಿಯಲ್ಲೇ ಇರುತ್ತದೆ. ಡಬ್ಲ್ಯೂ303 ತಳಿಯವರಿಗೆ ಇನ್ನೊಂದು ಕಿವಿಮಾತು: ಅಡೆನಿನ್ ಮಾಡುವ ಎಡಿಇ2 ಜೀನ್ ಇಲ್ಲದ್ದರಿಂದ ಅದರ ರಸದಾನಿಯಲ್ಲಿ ತಾನಾಗಿಯೇ ಹೊಳೆಯುವ ಬಣ್ಣ ತುಂಬಿಕೊಳ್ಳುತ್ತದೆ. ಬೆಳೆಸುವಾಗಲೇ ಅಡೆನಿನ್ ಧಾರಾಳ ಹಾಕಿ.

ಅಂಟಿದೆಯೋ ಇಲ್ಲವೋ ಅನ್ನುವುದಕ್ಕೆ ಖಚಿತ ಉತ್ತರ 6 ಮೋಲಾರ್ ಯೂರಿಯಾ ಹಾಕಿದ ಜೆಲ್, ಜಿಎಫ್‌ಪಿ ಇಲ್ಲದ ಎಟಿಜಿ8ಕ್ಕೆ. ಪಿಇ ಅಂಟಿದ ಎಟಿಜಿ8 ತೂಕ ಜಾಸ್ತಿ, ಆದರೂ ಜೆಲ್‌ನಲ್ಲಿ ಬೇಗ ಓಡಿ ಕೆಳಗೆ ಕೂರುತ್ತದೆ. ಮೇಲಿನದು ಅಂಟಿದ್ದು, ಕೆಳಗಿನದು ಬಿಡಿ ಅಂತ ಉಲ್ಟಾ ಓದಬೇಡಿ.

ಪಿಇ ಕೊರತೆ ಅನ್ನುವ ಅನುಮಾನ ಬಲವಾಗಿದ್ದರೆ ಬೆಳೆಸುವ ಮೀಡಿಯಾಕ್ಕೆ ಎಥನಾಲಮೀನ್ ಕೆಲವು ಮಿಲಿಮೋಲಾರ್ ಸೇರಿಸಿ. ಯೀಸ್ಟ್ ಪಿಇಯನ್ನು ಮುಖ್ಯವಾಗಿ ಮೈಟೊಕಾಂಡ್ರಿಯಾದ ಪಿಎಸ್‌ಡಿ1 ಕಿಣ್ವದಿಂದ ಮಾಡಿಕೊಳ್ಳುತ್ತದೆ. ಎಥನಾಲಮೀನ್ ಕೊಟ್ಟರೆ ಬೇರೆ ದಾರಿಯಲ್ಲೂ ಮಾಡಿಕೊಳ್ಳುತ್ತದೆ. ಆಟೋಫೇಜಿ ವಾಪಸ್ ಬಂದರೆ ನಿಮ್ಮ ಊಹೆಗೆ ಬಲ ಬಂತು. ಆದರೆ ಖುಷಿಪಡುವ ಮೊದಲು ಗ್ಲಿಸರಾಲ್ ತಟ್ಟೆ ನೋಡಿ, ಉಸಿರಾಟ ಸರಿಯಿರುವ ಯೀಸ್ಟ್ ಮಾತ್ರ ಅದರ ಮೇಲೆ ಬೆಳೆಯುತ್ತದೆ. ಪಿಎಸ್‌ಡಿ1 ತೆಗೆದ ತಳಿಯ ಮೈಟೊಕಾಂಡ್ರಿಯಾ ಸೊರಗಿರುತ್ತದೆ, ಅದರ ಡಿಎನ್‌ಎ ಕಳೆದುಕೊಂಡ ಪೆಟೀಟ್ ಕೋಶಗಳೂ ಸುಲಭವಾಗಿ ಹುಟ್ಟುತ್ತವೆ. ಉಸಿರಾಟ ಕೆಟ್ಟ ಯೀಸ್ಟ್‌ನಲ್ಲಿ ಸಾರಜನಕದ ಉಪವಾಸದ ಆಟೋಫೇಜಿ ಹೇಗೂ ಕಡಿಮೆ. ನೀವು ಪಿಇ ಕೊರತೆ ಅಂದುಕೊಂಡಿದ್ದು ಬರೀ ಉಸಿರಾಟದ ಕೊರತೆ ಆಗಿರಬಹುದು. ಎಥನಾಲಮೀನ್ ಕೊಟ್ಟು ಗ್ಲಿಸರಾಲ್ ಮೇಲೂ ಬೆಳೆಯುವ ಕೋಶದಲ್ಲಿ, ಎಥನಾಲಮೀನ್ ತೆಗೆದ ಮೇಲೆ ಏನಾಗುತ್ತದೆ ಅಂತ ನೋಡುವುದು ಒಳ್ಳೆಯ ಪ್ರಯೋಗ.

ನೈಟ್ರೋಜನ್ ಬೇಸ್ ಡಬ್ಬಿ ಬದಲಾಯಿಸಿದ್ದರೆ ಅದರಲ್ಲಿ ಇನೊಸಿಟಾಲ್ ಇದೆಯೋ ಇಲ್ಲವೋ ಓದಿ. ಮಾಮೂಲಿ ಬೇಸಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇರುತ್ತದೆ, ಇಲ್ಲದ ಬಗೆಯೂ ಸಿಗುತ್ತದೆ. ಇನೊಸಿಟಾಲ್ ಏರಿಳಿದರೆ ಫಾಸ್ಫೋಲಿಪಿಡ್ ಮಾಡುವ ಒಂದು ಸಾಲು ಜೀನುಗಳೇ ಏರಿಳಿಯುತ್ತವೆ. ಒಂದು ಪ್ರಯೋಗದ ನಡುವೆ ಡಬ್ಬಿ ಬದಲಾಯಿಸಲೇಬೇಡಿ.

ಇಷ್ಟೆಲ್ಲ ಆದ ಮೇಲೂ ಲಿಪಿಡ್ ಅನುಮಾನ ಉಳಿದರೆ ಆಗ ಮಾಸ್ ಸ್ಪೆಕ್‌ಗೆ (ಅಣುಗಳನ್ನು ತೂಕದಿಂದ ಗುರುತಿಸಿ ಅಳೆಯುವ ಯಂತ್ರ) ಕಳಿಸಿ. ಬೆಂಗಳೂರಿಗೆ ಹೇಗೂ ಮೂರು ನಾಲ್ಕು ಗಂಟೆ ದಾರಿ. ಕೋಶಗಳನ್ನು ಹಸಿಯಾಗಿ ಐಸ್ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಕಳಿಸಬೇಡಿ. ಐಸ್ ಕರಗುತ್ತ ಹೋದ ಹಾಗೆ ಕೋಶದ ಲೈಪೇಸ್‌ಗಳು ಫಾಸ್ಫೋಲಿಪಿಡ್ ಒಡೆಯುತ್ತ ಹೋಗುತ್ತವೆ, ತಲುಪುವ ಹೊತ್ತಿಗೆ ನೀವು ಅಳೆಸಬೇಕೆಂದಿದ್ದ ಪಿಇ ಅಷ್ಟೇ ಇರುವುದಿಲ್ಲ. ಇಲ್ಲೇ ಟಿಸಿಎ ಹಾಕಿ ಕಿಣ್ವಗಳನ್ನು ಕೊಂದು, ತೊಳೆದು, ಪೆಲೆಟ್ ಮಾಡಿ, ಡ್ರೈ ಐಸ್‌ನಲ್ಲಿ ಕಳಿಸಿ. ಉಪವಾಸದ ಮೊದಲಿನದು, ನಂತರದ್ದು, ಎಟಿಜಿ1 ತೆಗೆದ ತಳಿಯದ್ದು, ಎಲ್ಲವೂ ಒಂದೇ ದಿನದ ಕಲ್ಚರ್ ಆಗಿರಲಿ. ಟ್ಯೂಬಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಮಾರ್ಕರ್ ಅಸಿಟೋನಿಗೆ ಅಳಿಸಿಹೋಗುತ್ತದೆ.